ಎಡಗಡೆ ಗಮನ ಇಟ್ಟು ಬಲಗಡೆಯ ಆನೆ ಕಾಣಲಿಲ್ಲ, ಯಾಕೆ?

ತೋಟದ ಹುಡುಗ, ಸಿದ್ದಾಪುರ:
ಮೊನ್ನೆ ಸಂಜೆ ಆರೂವರೆ ಹೊತ್ತಿಗೆ ಬೈಕಲ್ಲಿ ಮನೆಗೆ ಬರುತ್ತಿದ್ದೆ. ಎಡಗಡೆ ತೋಟದಲ್ಲಿ ಆನೆ ಇದೆ ಅಂತ ಮೊದಲೇ ವಾಟ್ಸಾಪ್ ಮೆಸೇಜ್ ಬಂದಿತ್ತು, ಹಾಗಾಗಿ ದಾರಿಯುದ್ದಕ್ಕೂ ಎಡಕ್ಕೇ ಗಮನ. ಆನೆ ನಿಂತಿದ್ದು ಬಲಗಡೆ, ಬೇಲಿ ಪಕ್ಕದಲ್ಲೇ! ಹಿಂದೆ ಕೂತಿದ್ದ ತಮ್ಮ ಬೆನ್ನಿಗೆ ಗುದ್ದಿದ ಮೇಲೆ ಕಂಡಿತು. ನಾನೇನೂ ತಲೆ ತಿರುಗಿಸಿರಲಿಲ್ಲ, ಮುಖ ರಸ್ತೆ ಕಡೆಗೇ ಇತ್ತು, ಕಣ್ಣು ಕೂಡ ಹೋದ ತಿಂಗಳಷ್ಟೇ ಟೆಸ್ಟ್ ಮಾಡಿಸಿದ್ದೇನೆ. ಅಷ್ಟು ದೊಡ್ಡ ಪ್ರಾಣಿ ಕಾಣದೇ ಇರುತ್ತಾ?

ಮಂಜಿನೂರು, ಮಡಿಕೇರಿ:
ಆ ಮೆಸೇಜೇ ಕಾರಣ ಇರಬಹುದು. ನಾನು ಸೈಕಾಲಜಿ ಪಾಠ ಮಾಡುವವಳು. ಮೈಕೇಲ್ ಪೋಸ್ನರ್ ಅವರ 1980ರ ಪ್ರಯೋಗ ಹೀಗಿದೆ: ಪರದೆಯ ನಡುವೆ ಒಂದು ಬಾಣ ಎಡಕ್ಕೋ ಬಲಕ್ಕೋ ತೋರಿಸುತ್ತದೆ, ಆಮೇಲೆ ಒಂದು ಪಕ್ಕದಲ್ಲಿ ಬೆಳಕು ಬರುತ್ತದೆ, ಕಂಡ ಕೂಡಲೇ ಬಟನ್ ಒತ್ತಬೇಕು. ಕಣ್ಣು ಮಾತ್ರ ನಡುವಿನಿಂದ ಕದಲುವಂತಿಲ್ಲ. ನೂರಕ್ಕೆ 80 ಸಲ ಬಾಣ ನಿಜ ಹೇಳುತ್ತದೆ, ಆಗ ಜನ ಬೇಗ ಒತ್ತುತ್ತಾರೆ. ಸುಳ್ಳು ಹೇಳಿದಾಗ ತಡ, ಯಾವ ಸುಳಿವೂ ಕೊಡದೇ ಇದ್ದಾಗ ಆಗುವುದಕ್ಕಿಂತಲೂ ತಡ. ಕಣ್ಣು ಅಲ್ಲಾಡದೆಯೂ ಗಮನ ಒಂದು ಪಕ್ಕಕ್ಕೆ ವಾಲುತ್ತದೆ, ಆ ಲಾಭಕ್ಕೆ ಇನ್ನೊಂದು ಪಕ್ಕದಲ್ಲಿ ನಷ್ಟ.

ಗೋಣಿಕೊಪ್ಪದವ:
ಮೇಡಂ, ಅಲ್ಲಿ ವ್ಯತ್ಯಾಸ ಮಿಲಿಸೆಕೆಂಡ್ ಲೆಕ್ಕದ್ದು ಅಲ್ವಾ? ಇವರಿಗೆ ತಮ್ಮ ಗುದ್ದುವವರೆಗೂ ಕಂಡೇ ಇಲ್ಲ. 1999ರ ಗೊರಿಲ್ಲಾ ಪ್ರಯೋಗ ಇದಕ್ಕೆ ಹತ್ತಿರ. ವಿಡಿಯೋ ನೋಡುತ್ತಾ ಬಾಲ್ ಪಾಸ್ ಎಣಿಸುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ, ಆಟದ ನಡುವೆ ಬಂದು ಎದೆ ಬಡಿದುಕೊಂಡು ಹೋದ ಗೊರಿಲ್ಲಾ ವೇಷ ಕಾಣಲೇ ಇಲ್ಲ.

ಮಂಜಿನೂರು, ಮಡಿಕೇರಿ:
ಒಪ್ಪಿದೆ, ಪೋಸ್ನರ್ ಒಬ್ಬರಿಂದ ಇದು ಪೂರ್ತಿ ಬಗೆಹರಿಯುವುದಿಲ್ಲ.

ತೋಟದ ರೈಟರ್, ಪಾಲಿಬೆಟ್ಟ:
ಬಣ್ಣ ಮರೆತಿರಲ್ಲ! ಕಾಫಿ ಕುಯ್ಯುವಾಗ ಹಸಿರೆಲೆ ನಡುವಿನ ಕೆಂಪು ಹಣ್ಣನ್ನು ಯಾರೂ ಹುಡುಕುವುದಿಲ್ಲ, ಅದೇ ಕಣ್ಣಿಗೆ ಬೀಳುತ್ತದೆ. ಕತ್ತಲಾಗುವ ಹೊತ್ತಲ್ಲಿ ಮರದಡಿ ಸುಮ್ನೆ ನಿಂತ ಆನೆ ಹಾಗಲ್ಲ, ಕಿವಿ ಆಡಿಸುವವರೆಗೂ ಅದೂ ಒಂದು ನೆರಳೇ. ನಾನಂತೂ ಆ ಹೊತ್ತಲ್ಲಿ ಕಣ್ಣನ್ನು ಜಾಸ್ತಿ ನಂಬುವುದಿಲ್ಲ. ಬೈಕ್ ನಿಧಾನ ಮಾಡಿ, ಬೈನೆ ಮರ ಮುರಿಯುವ ಸದ್ದು ಇದೆಯಾ, ಲದ್ದಿ ವಾಸನೆ ಬರುತ್ತಿದೆಯಾ ಅಂತ ನೋಡುತ್ತೇನೆ.

ತೋಟದ ಹುಡುಗ, ಸಿದ್ದಾಪುರ:
ವಾಸನೆ ಬಂದಿತ್ತು ಅಣ್ಣ. ಅದೂ ಎಡಗಡೆಯಿಂದಲೇ ಅಂದುಕೊಂಡೆ.