‘ಡಾಕ್ಟರ್ ನೋ’ ಚಿತ್ರದಲ್ಲಿ ಬಾಂಡ್ ಕೈಗೆ ಬಂದ ಪಿಸ್ತೂಲು ಪಿಪಿಕೆಯೇ, ಪಿಪಿಯೇ?

ಪ್ರಶ್ನೆ: ಹಾಸನದ ಚಿತ್ರಾಸಕ್ತ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಹತ್ತು ಹನ್ನೆರಡು ಗೆಳೆಯರು ತಿಂಗಳಿಗೊಮ್ಮೆ ಸೇರಿ, ಹಳೆಯ ಚಿತ್ರವೊಂದನ್ನು ನೋಡಿ, ಅದರ ಬಗ್ಗೆ ಮಾತನಾಡಿ ಏಳುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲ ಗೂಢಚಾರ ಚಿತ್ರಗಳ ಸರದಿ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿ ತೆರೆಗೆ ತಂದಿತು. ಅದಕ್ಕೂ ಆರು ವರ್ಷ ಮೊದಲು, 1962ರಲ್ಲಿ ಬಂದ ‘ಡಾಕ್ಟರ್ ನೋ’ವನ್ನು ಮೊದಲು ನೋಡಿ ಆಮೇಲೆ ನಮ್ಮದಕ್ಕೆ ಬರೋಣವೆಂದು ತೀರ್ಮಾನಿಸಿದೆವು. ಪ್ರದರ್ಶನದ ದಿನ ಗೋಡೆಗೆ ಹಾಕಲು ಚಿತ್ರಫಲಕಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲಿನ ಮಕ್ಕಳೂ ಬಂದು ಓದುವ ಫಲಕಗಳಾದ್ದರಿಂದ ಅವುಗಳಲ್ಲಿ ತಪ್ಪು ಉಳಿಯಬಾರದೆಂಬುದು ನನ್ನ ಆಸೆ.

ತೊಡಕು ಇರುವುದು ಎರಡು ದೃಶ್ಯಗಳಲ್ಲಿ. ಮೊದಲನೆಯದು ಲಂಡನ್ನಿನ ಕಚೇರಿಯ ದೃಶ್ಯ. ಹಿಂದಿನ ಕೆಲಸವೊಂದರಲ್ಲಿ ಬೆರೆಟಾ ಪಿಸ್ತೂಲು ಸಿಕ್ಕಿಕೊಂಡು ಬಾಂಡ್ ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತೆಂದು ಹೇಳಿ ಮೇಲಧಿಕಾರಿ ಅದನ್ನು ಕಿತ್ತುಕೊಳ್ಳುತ್ತಾರೆ. ಶಸ್ತ್ರಾಗಾರದ ಅಧಿಕಾರಿ ಹೊಸದೊಂದನ್ನು ಕೊಟ್ಟು ‘ವಾಲ್ಥರ್ ಪಿಪಿಕೆ, 7.65 ಮಿಲಿಮೀಟರ್’ ಎಂದು ಪರಿಚಯಿಸುತ್ತಾರೆ. ನಾನೂ ಫಲಕದಲ್ಲಿ ಹಾಗೆಯೇ ಬರೆದಿದ್ದೆ. ಕರಡು ನೋಡಿದ ಹಿರಿಯರೊಬ್ಬರು, ಕೈಯಲ್ಲಿರುವುದು ಪಿಪಿಕೆ ಅಲ್ಲ, ಅದರ ಅಣ್ಣ ಪಿಪಿ ಎಂದರು.

ಎರಡನೆಯದು, ಖಳನಾಯಕನ ಕಡೆಯವನಾದ ಪ್ರೊಫೆಸರ್ ಡೆಂಟ್ ಬಾಂಡ್‌ನನ್ನು ಕೊಲ್ಲಲು ಕತ್ತಲಲ್ಲಿ ಬಂದು ಹಾಸಿಗೆಗೆ ಗುಂಡು ಹಾರಿಸುವ ದೃಶ್ಯ. ಹೊದಿಕೆಯ ಕೆಳಗಿರುವುದು ಬರೀ ದಿಂಬು. ಬಾಂಡ್ ಬಾಗಿಲ ಹಿಂದೆ ಕುಳಿತಿದ್ದಾನೆ. ಡೆಂಟ್ ಮತ್ತೆ ಪಿಸ್ತೂಲೆತ್ತಿ ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಅದು ಸ್ಮಿತ್ ಅಂಡ್ ವೆಸನ್, ಆರು ಗುಂಡು ಮುಗಿದಿವೆ ಎಂದು ಹೇಳಿ ಬಾಂಡ್ ಅವನನ್ನು ಕೊಲ್ಲುತ್ತಾನೆ. ಆದರೆ ಡೆಂಟ್ ಕೈಯಲ್ಲಿರುವುದು ತಿರುಗುವ ಸಿಲಿಂಡರ್ ಇರುವ ರಿವಾಲ್ವರ್ ಅಲ್ಲವೇ ಅಲ್ಲ, ಅದು ಚಪ್ಪಟೆ ಪಿಸ್ತೂಲು ಎಂಬುದು ನನ್ನ ಕಣ್ಣಿಗೂ ಕಾಣುತ್ತದೆ. ಹಾಗಾದರೆ ಅದು ಯಾವುದು? ಬಾಂಡ್ ಅವನಿಗೆ ಹೊಡೆಯುವ ಸೈಲೆನ್ಸರ್ ಹಾಕಿದ ಪಿಸ್ತೂಲು ಯಾವುದು? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಕಲೇಶಪುರದ ಕಾಫಿ ಬೆಳೆಗಾರ

ಕರಡು ನೋಡಿದ ಹಿರಿಯರ ಮಾತು ಸರಿ. ಆದರೆ ಪಿಪಿ, ಪಿಪಿಕೆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಬರೆಯಲಿ. ನಾನು ಡೆಂಟ್ ಕೈಯಲ್ಲಿರುವುದರ ಬಗ್ಗೆ ಹೇಳುತ್ತೇನೆ.

ಅದು ಅಮೆರಿಕದ ಕೋಲ್ಟ್ 1911 ಮಾದರಿಯ ಪಿಸ್ತೂಲು, ಅದರ ಸುಧಾರಿತ ರೂಪವಾದ 1911ಎ1; ಪಾಯಿಂಟ್ 45 ಬೋರಿನದು, ಅಂದರೆ ನಳಿಗೆಯ ಒಳ ಅಗಲ ಸುಮಾರು ಪಾಯಿಂಟ್ 45 ಅಂಗುಲ. ಹಿಡಿಕೆಯೊಳಗೆ ಕೂರುವ ತೋಟಾ ಡಬ್ಬಿಯಲ್ಲಿ, ಅಂದರೆ ಮ್ಯಾಗಜೀನಿನಲ್ಲಿ, ಏಳು ತೋಟಾ ಹಿಡಿಯುತ್ತವೆ. ಒಂದನ್ನು ನಳಿಗೆಗೆ ಏರಿಸಿಕೊಂಡು ಮ್ಯಾಗಜೀನನ್ನು ಮತ್ತೆ ತುಂಬಿಸಿದರೆ ಎಂಟಾಗುತ್ತವೆ. ಆರು ಎಂಬ ಲೆಕ್ಕ ರಿವಾಲ್ವರಿನದು. ಸ್ಮಿತ್ ಅಂಡ್ ವೆಸನ್ ಎಂಬ ಹೆಸರು ಕೇಳಿದ ಕೂಡಲೇ ಆ ಕಾಲದ ಪ್ರೇಕ್ಷಕರ ಮನಸ್ಸಿಗೆ ಬರುತ್ತಿದ್ದುದು ಆರು ಗುಂಡಿನ ರಿವಾಲ್ವರೇ ಆದ್ದರಿಂದ ಸಂಭಾಷಣೆ ಬರೆದವರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ಕಾಣುತ್ತದೆ. ಚಿತ್ರೀಕರಣದಲ್ಲಿ ನಟನ ಕೈಗೆ ಬಂದದ್ದು ಕೋಲ್ಟ್. ಮಾತು ಮಾತ್ರ ಹಾಗೆಯೇ ಉಳಿಯಿತು. ಸ್ಮಿತ್ ಅಂಡ್ ವೆಸನ್ ಕಂಪನಿಯವರು 1911ರ ಮಾದರಿಯನ್ನು ತಮ್ಮ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು 2003ರಲ್ಲಿ, ಅಂದರೆ ಈ ಚಿತ್ರ ಬಂದು ನಲವತ್ತು ವರ್ಷ ದಾಟಿದ ಮೇಲೆ.

ತೋಟದಲ್ಲಿ ಕೋವಿ ಇಟ್ಟುಕೊಂಡವನಿಗೆ ಆ ದೃಶ್ಯ ಬೇರೊಂದು ಕಾರಣಕ್ಕೆ ಮನಸ್ಸಿಗೆ ಕೊರೆಯುತ್ತದೆ. ನನ್ನದು ಜೋಡಿ ನಳಿಗೆಯ ಕೋವಿ. ಎರಡು ಈಡು ಹೊಡೆದರೆ ಮುಗಿಯಿತು, ಮುರಿದು ನೋಡುವವರೆಗೆ ಹೊರಗಿನಿಂದ ಅದು ಖಾಲಿಯೋ ತುಂಬಿದೆಯೋ ಗೊತ್ತಾಗುವುದಿಲ್ಲ. ಆದ್ದರಿಂದಲೇ ನಮ್ಮ ತಂದೆಯವರು ಈಡು ಎಣಿಸುವ ಅಭ್ಯಾಸವನ್ನು ನಮಗೆ ಚಿಕ್ಕಂದಿನಲ್ಲೇ ಹಾಕಿಸಿದರು. 1911ರ ಪಿಸ್ತೂಲು ಹಾಗಲ್ಲ. ಕೊನೆಯ ಗುಂಡು ಹೋದ ಕೂಡಲೇ ಅದರ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಸರಿದು ಅಲ್ಲಿಯೇ ಕಚ್ಚಿ ನಿಲ್ಲುತ್ತದೆ. ನಿಜಕ್ಕೂ ಗುಂಡು ಮುಗಿದಿದ್ದರೆ ಡೆಂಟ್ ಕಾರ್ಪೆಟ್ಟನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಬಿದ್ದಿದ್ದ ತನ್ನ ಪಿಸ್ತೂಲನ್ನು ಕೈಗೆತ್ತಿಕೊಂಡಾಗಲೇ, ಬಾಂಡ್ ಬಾಯಿ ಬಿಡುವ ಮೊದಲೇ, ಅವನಿಗೆ ಅದು ತಿಳಿಯಬೇಕಿತ್ತು. ಅದಕ್ಕಿಂತ ಮುಖ್ಯವಾದುದು: ಆರು ಹೊಡೆದ ಮೇಲೂ ಆ ಪಿಸ್ತೂಲಿನಲ್ಲಿ ಇನ್ನೊಂದು ಉಳಿದಿರಬೇಕು. ತೆರೆಯ ಮೇಲೆ ಕಾಣುವ ಆಯುಧವನ್ನೇ ನಂಬಿದರೆ ಆ ರಾತ್ರಿ ಬಾಂಡ್ ಸಾಯಬೇಕಿತ್ತು. ಫಲಕದಲ್ಲಿ ಈ ಮಾತನ್ನು ಹೇಳಿದರೆ ಮಕ್ಕಳಿಗೆ ಚೆನ್ನಾಗಿ ನೆನಪಿರುತ್ತದೆ.

ಇನ್ನೊಂದು ಮಾತು. ಅದು ರಿವಾಲ್ವರೇ ಆಗಿದ್ದರೂ ಅದಕ್ಕೆ ಸೈಲೆನ್ಸರ್ ಹಾಕಿ ಹೆಚ್ಚು ಪ್ರಯೋಜನವಿರುತ್ತಿರಲಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಿಂದ ಬಿಸಿ ಅನಿಲ ಸಿಡಿದು ಸದ್ದು ಅಲ್ಲಿಯೇ ಹೊರಬರುತ್ತದೆ.

ಉತ್ತರ: ನಿವೃತ್ತ ಆರ್ಮರರ್ (ಆಯುಧಗಳ ಉಸ್ತುವಾರಿ ನೋಡುವವರು), ಚಿಕ್ಕಮಗಳೂರು

ಬೆಳೆಗಾರರು ಬರೆದದ್ದು ಸರಿಯಾಗಿದೆ. ಪಿಪಿ ಮತ್ತು ಪಿಪಿಕೆ ವಿಷಯಕ್ಕೆ ಬರುತ್ತೇನೆ.

ಪಿಪಿ 1929ರಲ್ಲಿ ಬಂತು. ಸಮವಸ್ತ್ರದ ಪೊಲೀಸರಿಗೆಂದು ಜರ್ಮನಿಯ ವಾಲ್ಥರ್ ಕಂಪನಿ ಮಾಡಿದ್ದು. ಒಳಗೆ ಮರೆಮಾಡಿ ಒಯ್ಯಲು ಅನುಕೂಲವಾಗುವಂತೆ ಅದನ್ನೇ ಗಿಡ್ಡ ಮಾಡಿ 1931ರಲ್ಲಿ ಪಿಪಿಕೆ ತಂದರು. ಪಿಪಿಯ ನಳಿಗೆ 98 ಮಿ.ಮೀ., ಪಿಪಿಕೆಯದು 83. ಪಿಪಿಯ ಮ್ಯಾಗಜೀನಿಗೆ 7.65ರ ಎಂಟು ತೋಟಾ, ಪಿಪಿಕೆಗೆ ಏಳು. ಆದರೆ ಎದುರಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡದೆ, ಒಂದನ್ನೇ ಅದೂ ಪರದೆಯ ಮೇಲೆ ನೋಡಿದಾಗ ಹದಿನೈದು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಸಿಕ್ಕುವುದು ಕಷ್ಟ. ಆದ್ದರಿಂದ ನಳಿಗೆಯನ್ನು ಬಿಟ್ಟು ಹಿಡಿಕೆಯನ್ನು ನೋಡಬೇಕು. ಪಿಪಿಯ ಹಿಡಿಕೆಗೆ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಬೇರೆ ಬೇರೆ ಪಟ್ಟಿಗಳಿದ್ದು, ಹಿಂಬದಿಯಲ್ಲಿ ಅವೆರಡರ ನಡುವೆ ಉಕ್ಕಿನ ಬೆನ್ನು ಬರಿದಾಗಿ ಕಾಣುತ್ತದೆ. ಪಿಪಿಕೆಯಲ್ಲಿ ಹಾಗಿಲ್ಲ, ಒಂದೇ ಕವಚ ಎಡಗಡೆಯಿಂದ ಬೆನ್ನನ್ನು ಸುತ್ತಿ ಬಲಕ್ಕೆ ಬರುತ್ತದೆ, ಹಿಂದಿನಿಂದ ಉಕ್ಕು ಕಾಣುವುದಿಲ್ಲ. ಹಿಡಿಕೆ ಗಿಡ್ಡವಾದ್ದರಿಂದ ಕಿರುಬೆರಳಿಗೆ ಆಸರೆಯಾಗಲೆಂದು ಮ್ಯಾಗಜೀನಿನ ತಳದಲ್ಲಿ ಮುಂದಕ್ಕೆ ಚಾಚಿದ ಒಂದು ತುಟಿಯೂ ಸಾಮಾನ್ಯವಾಗಿ ಇರುತ್ತದೆ. ಈ ಗುರುತು ಹಿಡಿದು ನೋಡಿದರೆ ‘ಡಾಕ್ಟರ್ ನೋ’ದಲ್ಲಿ ಬಾಂಡ್‌ಗೆ ಕೊಡುವುದು ಪಿಪಿ.

ನಾನು ಸೇವೆಗೆ ಸೇರಿದ ಹೊಸದರಲ್ಲಿ ಇದೇ ತಪ್ಪನ್ನು ಮಾಡಿದವನು. ಚುನಾವಣೆ ಬಂದಾಗ ತೋಟದವರು, ಜಮೀನುದಾರರು ತಮ್ಮ ಕೋವಿಗಳನ್ನು ಠಾಣೆಗೆ ತಂದು ಒಪ್ಪಿಸುವುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವುದೇ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಸಾಲಿನ ನಡುವೆ ಒಬ್ಬರು ಬಟ್ಟೆಯಲ್ಲಿ ಸುತ್ತಿದ ಹಳೆಯ ಪಿಸ್ತೂಲೊಂದನ್ನು ತಂದು ‘ಪಿಪಿಕೆ’ ಎಂದರು; ನಾನು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಂಡೆ. ನಮ್ಮ ಹಿರಿಯರು ಅದನ್ನು ಕೈಗೆ ತೆಗೆದುಕೊಂಡು, ಮ್ಯಾಗಜೀನ್ ಕಳಚಿ, ಸ್ಲೈಡ್ ಎಳೆದು ಖಾಲಿಯೆಂದು ಖಚಿತಪಡಿಸಿಕೊಂಡು, ಎಡಮಗ್ಗುಲಿನ ಅಕ್ಷರಗಳ ಮೇಲಿದ್ದ ಎಣ್ಣೆ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿ ನನ್ನ ಕಣ್ಣೆದುರಿಗೆ ಹಿಡಿದರು. ಪಿಪಿ ಮಾದರಿ ಎಂದು ಕೆತ್ತಿತ್ತು. ಮಾಲೀಕರು ಹೇಳಿದ್ದನ್ನು ಬರೆಯಬೇಡ, ಆಯುಧದ ಮೈಮೇಲೆ ಇರುವುದನ್ನು ಬರೆ ಎಂದರು. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ ನೆನಪು ಇನ್ನೂ ಇದೆ.

ಬಾಂಡ್ ಡೆಂಟ್‌ನನ್ನು ಕೊಲ್ಲುವ ಸೈಲೆನ್ಸರ್ ಪಿಸ್ತೂಲು ಪಿಪಿಯೂ ಅಲ್ಲ, ಪಿಪಿಕೆಯೂ ಅಲ್ಲ. ಅದು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ 1910ರ ಮಾದರಿ. ಗುರುತಿಸುವುದು ಸುಲಭ. ವಾಲ್ಥರಿನ ಹಿಂದುಗಡೆ ಕುದುರೆ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಹ್ಯಾಮರ್, ಹೊರಗೆ ಎದ್ದು ಕಾಣುತ್ತದೆ. ಎಫ್‌ಎನ್ 1910ರಲ್ಲಿ ಹೊರಗಿನ ಕುದುರೆಯೇ ಇಲ್ಲ, ಹಿಂಭಾಗ ನುಣುಪಾಗಿ ಇಳಿದಿರುತ್ತದೆ. ಅದರ ಸ್ಪ್ರಿಂಗ್ ನಳಿಗೆಯನ್ನೇ ಸುತ್ತಿಕೊಂಡಿರುವುದರಿಂದ ಸ್ಲೈಡಿನ ಮೂತಿ ದುಂಡಗಿದ್ದು ಕೊನೆಯಲ್ಲಿ ಗೆರೆ ಕೊರೆದ ಬಳೆಯೊಂದು ಇರುತ್ತದೆ.

ಈ ಎಫ್‌ಎನ್ 1910 ಮತ್ತು ಡೆಂಟ್ ಕೈಯಲ್ಲಿದ್ದ 1911 ಎರಡನ್ನೂ ರೂಪಿಸಿದವರು ಒಬ್ಬರೇ, ಅಮೆರಿಕದ ಜಾನ್ ಬ್ರೌನಿಂಗ್. ವಾಲ್ಥರಿಗೆ ಹಾಕುವ 7.65ರ ತೋಟಾವೂ 1899ರ ಹೊತ್ತಿಗೆ ಅವರೇ ಮಾಡಿದ್ದು. ನನ್ನ ಕಸುಬಿನ ಪ್ರೀತಿಯಿಂದ ಹೇಳುತ್ತಿದ್ದೇನೆ: ಆ ಕೋಣೆಯಲ್ಲಿ ಎದುರುಬದುರು ನಿಂತವರು ಬೇರೆ ಬೇರೆ ಪಕ್ಷದವರಾದರೂ ಅವರ ಕೈಯಲ್ಲಿದ್ದ ಎರಡೂ ಪಿಸ್ತೂಲುಗಳು ಒಂದೇ ತಲೆಯಿಂದ ಹುಟ್ಟಿದವು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದದ್ದೂ ಎಫ್‌ಎನ್ 1910ರಿಂದಲೇ. ಅದು ಪಾಯಿಂಟ್ 380 ಬೋರಿನದು.

ಫಲಕದಲ್ಲಿ ಬೋರಿನ ಬಗ್ಗೆ ಬರೆಯುವಿರಾದರೆ ಒಂದು ಎಚ್ಚರಿಕೆ. 7.65 ಎಂದರೆ ನಮ್ಮವರು ಪಾಯಿಂಟ್ 32 ಎನ್ನುತ್ತಾರೆ, ಅದು ಸರಿ. ಆದರೆ ನಮ್ಮ ಆರ್ಡ್‌ನನ್ಸ್ ಕಾರ್ಖಾನೆಗಳ ಪಾಯಿಂಟ್ 32 ಪಿಸ್ತೂಲಿನ ತೋಟಾ ಬೇರೆ, ಪಾಯಿಂಟ್ 32 ರಿವಾಲ್ವರಿನ ಉದ್ದ ತೋಟಾ ಬೇರೆ. ಸಂಖ್ಯೆ ಒಂದೇ ಎಂದು ಎರಡನ್ನೂ ಒಂದು ಮಾಡಬಾರದು.

ಉತ್ತರ: ಬೇಲೂರಿನ ಓದುಗಿ

ಆರ್ಮರರ್ ಸರ್ ಹೇಳಿದ ರಿಜಿಸ್ಟರಿನ ಪ್ರಸಂಗ ಓದಿದ ಮೇಲೆ ಕಾದಂಬರಿಯ ಕಡೆಯಿಂದ ಕೆಲವು ವಿಷಯ ಸೇರಿಸಬೇಕೆನಿಸಿತು, ಏಕೆಂದರೆ ಅಲ್ಲಿಯೂ ಮಾತಿಗೂ ವಸ್ತುವಿಗೂ ಇದೇ ಬಗೆಯ ಅಂತರವಿದೆ. ಇಯಾನ್ ಫ್ಲೆಮಿಂಗ್ ತಮ್ಮ ಮೊದಲ ಕಾದಂಬರಿಗಳಲ್ಲಿ ಬಾಂಡ್‌ಗೆ ಕೊಟ್ಟಿದ್ದು ಪಾಯಿಂಟ್ 25ರ ಪುಟ್ಟ ಬೆರೆಟಾ. 1956ರಲ್ಲಿ ಗ್ಲಾಸ್ಗೋ ನಗರದಿಂದ ಜೆಫ್ರಿ ಬೂತ್‌ರಾಯ್ಡ್ ಎಂಬ ಓದುಗರು, ಬಂದೂಕುಗಳನ್ನು ಬಲ್ಲವರು, ಅದು ಬಾಂಡ್‌ನಂಥವನಿಗೆ ತಕ್ಕ ಆಯುಧವಲ್ಲವೆಂದು ಅವರಿಗೆ ಪತ್ರ ಬರೆದರು. ಅವರು ಸೂಚಿಸಿದ್ದು ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಮತ್ತು ಅದಕ್ಕೆ ಹೊಂದುವ ಬರ್ನ್ಸ್–ಮಾರ್ಟಿನ್ ಎಂಬ ಚರ್ಮದ ಒರೆ. ಫ್ಲೆಮಿಂಗ್ ಆ ಸಲಹೆಯನ್ನು ಗೌರವಿಸಿ, 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಶಸ್ತ್ರಾಧಿಕಾರಿಗೆ ಬೂತ್‌ರಾಯ್ಡ್ ಎಂದೇ ಹೆಸರಿಟ್ಟರು. ಆದರೆ ಒರೆಯನ್ನು ವಾಲ್ಥರಿಗೆ ಜೋಡಿಸಿಬಿಟ್ಟರು. ಆ ಒರೆ ರಿವಾಲ್ವರಿಗಷ್ಟೇ ಆಗುವಂಥದ್ದು.

ಬೆರೆಟಾ ವಿಷಯದಲ್ಲಿಯೂ ಫಲಕದಲ್ಲಿ ಎರಡನ್ನು ಬೇರೆಯಾಗಿಡಿ. ಕಾದಂಬರಿಯದು ಪಾಯಿಂಟ್ 25. ಚಿತ್ರದಲ್ಲಿ ಬಾಂಡ್ ಒಪ್ಪಿಸುವುದು ಅದಕ್ಕಿಂತ ದೊಡ್ಡದಾದ 1934ರ ಮಾದರಿ.

1963ರಲ್ಲಿ ಬಂದ ಮುಂದಿನ ಬಾಂಡ್ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ನ ಭಿತ್ತಿಚಿತ್ರವನ್ನೂ ಹಾಕುವುದಾದರೆ ಇದನ್ನು ಗಮನಿಸಿ. ಬಾಂಡ್ ಪಾತ್ರಧಾರಿ ಶಾನ್ ಕಾನರಿ ಎದೆಗೆ ಅಡ್ಡಲಾಗಿ ಹಿಡಿದಿರುವ ಉದ್ದ ನಳಿಗೆಯದು ನಿಜವಾದ ಪಿಸ್ತೂಲೇ ಅಲ್ಲ. ಫೋಟೊ ತೆಗೆಯುವ ದಿನ ವಾಲ್ಥರನ್ನು ತರಲು ಮರೆತಿದ್ದರಿಂದ ಛಾಯಾಗ್ರಾಹಕ ಡೇವಿಡ್ ಹರ್ನ್ ತಮ್ಮದೇ ವಾಲ್ಥರ್ ಎಲ್‌ಪಿ–53 ಏರ್ ಪಿಸ್ತೂಲನ್ನು ಕೊಟ್ಟರು. ಅದರ ಬೋರ್ 4.5 ಮಿ.ಮೀ.; ನಮ್ಮ ಜಾತ್ರೆಗಳಲ್ಲಿ ಬಲೂನು ಹೊಡೆಯುವ ಏರ್ ಗನ್ನಿಗೆ ಹಾಕುವ ಸೀಸದ ಪುಟ್ಟ ಗುಂಡಿನ ಅಳತೆಯೂ ಅದೇ. 2010ರಲ್ಲಿ ಲಂಡನ್ನಿನಲ್ಲಿ ಅದು ಹರಾಜಾದಾಗ 2,77,250 ಪೌಂಡಿಗೆ ಹೋಯಿತು.

ಪ್ರಶ್ನೆ ಕೇಳಿದವರಿಂದ: ಹಾಸನದ ಚಿತ್ರಾಸಕ್ತ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ನಿನ್ನೆ ರಾತ್ರಿ ಚಿತ್ರವನ್ನು ಮತ್ತೆ ಹಾಕಿ, ಡೆಂಟ್ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೈಲೆನ್ಸರಿನ ಕಡೆಗೇ ಕಣ್ಣು ಹೋಗುತ್ತಿದ್ದುದರಿಂದ ಇಷ್ಟು ದಿನ ಪಿಸ್ತೂಲಿನ ಹಿಂಭಾಗವನ್ನು ನಾನು ನೋಡಿಯೇ ಇರಲಿಲ್ಲ. ಆರ್ಮರರ್ ಸರ್ ಹೇಳಿದಂತೆ ಅಲ್ಲಿ ಕುದುರೆಯಿಲ್ಲ.

ಫಲಕವನ್ನು ಹೀಗೆ ತಿದ್ದಿದ್ದೇನೆ. ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಇರುತ್ತವೆ: ಮೇಲೆ ‘ಮಾತಿನಲ್ಲಿ’, ಕೆಳಗೆ ‘ಕೈಯಲ್ಲಿ’. ಕಚೇರಿಯ ದೃಶ್ಯಕ್ಕೆ ಮಾತಿನಲ್ಲಿ ವಾಲ್ಥರ್ ಪಿಪಿಕೆ, ಕೈಯಲ್ಲಿ ವಾಲ್ಥರ್ ಪಿಪಿ. ಡೆಂಟ್‌ಗೆ ಮಾತಿನಲ್ಲಿ ಆರು ಗುಂಡಿನ ಸ್ಮಿತ್ ಅಂಡ್ ವೆಸನ್, ಕೈಯಲ್ಲಿ ಏಳು ಗುಂಡಿನ ಕೋಲ್ಟ್ 1911ಎ1. ಬಾಂಡ್ ಹೊಡೆಯುವ ಪಿಸ್ತೂಲಿಗೆ ಆ ದೃಶ್ಯದಲ್ಲಿ ಯಾರೂ ಹೆಸರು ಹೇಳುವುದಿಲ್ಲವಾದ್ದರಿಂದ ಮೇಲಿನ ಸಾಲು ಖಾಲಿ, ಕೆಳಗೆ ಎಫ್‌ಎನ್ 1910. ಪಿಪಿ, ಪಿಪಿಕೆಗಳ ಹಿಡಿಕೆಯ ಬೆನ್ನನ್ನು ತೋರಿಸುವ ರೇಖಾಚಿತ್ರವನ್ನು ನಮ್ಮ ಗುಂಪಿನ ಡ್ರಾಯಿಂಗ್ ಮಾಸ್ತರರು ಬರೆದುಕೊಡಲು ಒಪ್ಪಿದ್ದಾರೆ. ಮುದ್ರಣಕ್ಕೆ ಕೊಡುವ ಮೊದಲು ಆರ್ಮರರ್ ಸರ್ ಒಮ್ಮೆ ನೋಡಿ ಒಪ್ಪಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.