‘ವಿಂಡ್ ಲೋಡ್’: ಗಾಳಿಭಾರವೋ, ಒತ್ತಡವೋ, ಹೊರೆಯೋ?

ಗೆಳೆಯರೇ, ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಎತ್ತರದ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ನಕ್ಷೆ ಇನ್ನೂ ಗಟ್ಟಿಯಾಗುವ ಮೊದಲೇ ಗಾಳಿ ಎಷ್ಟು ದೂಡಬಹುದು ಅಂತ ಒಂದು ಅಂದಾಜು ಹಾಕಬೇಕಲ್ವಾ, ಆ ಭಾಗದಲ್ಲಿ ನಿಂತಿದ್ದೇನೆ. ಲೆಕ್ಕ ಸಲೀಸು, ಪದಗಳದ್ದೇ ತೊಡಕು.

ಸೈಟಿನಲ್ಲಿ ಎಲ್ಲರೂ ‘ವಿಂಡ್ ಲೋಡ್’ ಅನ್ನುತ್ತಾರೆ. ನಾನು ಮೊದಲು ‘ಗಾಳಿಭಾರ’ ಅಂತ ಬರೆದೆ. ಆದರೆ ಭಾರ ಅಂದ ಕೂಡಲೇ ತೂಕ ನೆನಪಾಗುತ್ತದೆ, ಅದು ಕೆಳಗೆ ಇಳಿಯುವಂಥದ್ದು. ಗಾಳಿ ಹಾಗಲ್ಲ. ಎದುರಿನ ಗೋಡೆಯನ್ನು ದೂಡುತ್ತದೆ, ಹಿಂದಿನದನ್ನು ಹೊರಕ್ಕೆ ಎಳೆಯುತ್ತದೆ. ಜೋರು ಗಾಳಿಗೆ ಮಾಡಿನ ಶೀಟು ಮೇಲಕ್ಕೆದ್ದು ಹಾರುತ್ತದೆ. ಅದನ್ನು ಭಾರ ಅನ್ನಲು ಮನಸ್ಸು ಒಪ್ಪಲಿಲ್ಲ.

‘ಗಾಳಿ ಒತ್ತಡ’ ಅನ್ನೋಣ ಅಂದರೆ ಆ ಪದ ಪ್ರೆಶರ್‌ಗೆ ಬೇಕೇ ಬೇಕು. ವಿಂಡ್ ಲೋಡ್ ಲೆಕ್ಕಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಕಟ್ಟಡದ ಎತ್ತರ, ಸುತ್ತಲಿನ ನೆಲ ನೋಡಿ ಈ ವೇಗವನ್ನು ತಿದ್ದಬೇಕು. ಆಮೇಲೆ ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಅಂತ ಸಿಗುತ್ತದೆ. ತಿದ್ದದೆ ಸುಮ್ನೆ ಮೂಲವೇಗವನ್ನೇ ಹಾಕಿ ನೋಡಿ: ಬೆಂಗಳೂರಿಗೆ ಸುಮಾರು 653, ಮಂಗಳೂರಿಗೆ 913. ವೇಗದಲ್ಲಿ ಆರೇ ಮೀಟರ್ ವ್ಯತ್ಯಾಸ, ಒತ್ತಡ ಮಾತ್ರ ಶೇ. 40ರಷ್ಟು ಜಾಸ್ತಿ! ಇದು ಒತ್ತಡ. ಗೋಡೆಯ ಅಳತೆ, ಕಟ್ಟಡದ ಆಕಾರ ಎರಡನ್ನೂ ಸೇರಿಸಿದ ಮೇಲೆ ಬರುವುದು ಲೋಡ್. ಎರಡಕ್ಕೂ ಒಂದೇ ಪದ ಇಟ್ಟರೆ ಮಕ್ಕಳು ಖಂಡಿತ ಎಡವುತ್ತಾರೆ.

ಅದಕ್ಕೇ ‘ಗಾಳಿಹೊರೆ’ ಅಂತ ಇಟ್ಟಿದ್ದೇನೆ. ಹುಲ್ಲುಹೊರೆಗೆ ತೂಕವಿದೆ, ಸಾಲದ ಹೊರೆಗೆ ಇಲ್ಲ, ಆದರೂ ಎರಡೂ ಹೊರೆಯೇ. ಅದು ಹೊರುವವರ ಕಡೆಯಿಂದ ಹುಟ್ಟಿದ ಪದ. ಇಲ್ಲಿ ಹೊರುವುದು ಕಟ್ಟಡ. ‘ಹೊರೆಯೂ ತಲೆಯ ಮೇಲಿನದೇ ತಾನೇ?’ ಅಂತ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದರು. ನಿಮಗೂ ಹಾಗೆ ಅನ್ನಿಸುತ್ತದೆಯೇ?

ಗಾಳಿಗೆ ಎದುರಾದ ಬದಿಗೆ ‘ಗಾಳಿಮೊಗ’, ಹಿಂಬದಿಗೆ ‘ಗಾಳಿಮರೆ’ ಅಂದಿದ್ದೇನೆ. ಎರಡನೆಯದು ಆಡುಮಾತಿನಲ್ಲೇ ಇದೆ. ಮೊದಲನೆಯದು ನಾನು ಕಟ್ಟಿದ್ದು, ಇದಕ್ಕಿಂತ ಒಳ್ಳೆಯದಿದ್ದರೆ ಬಿಟ್ಟುಬಿಡುತ್ತೇನೆ.

ನಿಜವಾಗಿ ಕೈಕಟ್ಟಿರುವುದು ಇನ್ನೊಂದು ಕಡೆ. ತೆಳ್ಳಗೆ ಎತ್ತರವಾಗಿರುವ ಕಟ್ಟಡದ ಎರಡೂ ಪಕ್ಕದಲ್ಲಿ ಗಾಳಿಯ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತವೆ. ಆಗ ಪಡುವಣದ ಗಾಳಿಗೆ ಕಟ್ಟಡ ಉತ್ತರಕ್ಕೂ ದಕ್ಷಿಣಕ್ಕೂ ತೂಗುತ್ತದೆ. ಸುಳಿಯ ತಾಳ, ಕಟ್ಟಡದ ತಾಳ ಕೂಡಿಬಿಟ್ಟರೆ ತೂಗಾಟ ಬಹಳ ಹೆಚ್ಚುತ್ತದೆ. ದುಬೈನ ಬುರ್ಜ್ ಖಲೀಫಾದ ಆಕಾರ ಮೇಲೆ ಹೋದ ಹಾಗೆ ಬದಲಾಗುತ್ತಾ ಹೋಗುತ್ತದೆ. ಸುಳಿಗಳು ಒಗ್ಗೂಡದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಈ ಅಡ್ಡ ಆಟಕ್ಕೆ ಏನನ್ನೋಣ? ‘ಓಲಾಟ’ ಎಲ್ಲ ದಿಕ್ಕಿಗೂ ಆಗುತ್ತದೆ. ‘ತೊನೆತ’ ನನಗೆ ತುಂಬಾ ಇಷ್ಟ. ಆದರೆ ತೆನೆ ತೊನೆಯುವುದನ್ನು ಹೇಳುವ ಪದ 60 ಅಂತಸ್ತಿಗೆ ಒಗ್ಗುತ್ತದೆಯೇ?

ಮಲೆನಾಡು, ಕರಾವಳಿಯವರಲ್ಲಿ ಒಂದು ಕೇಳಿಕೆ. ಕೊನೆಗಾರರು ಅಡಿಕೆ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಾರಲ್ಲ, ಆ ತೂಗಾಟಕ್ಕೆ ನಿಮ್ಮ ಕಡೆ ಬೇರೆ ಪದ ಇದೆಯೇ? ಇದ್ದರೆ ಯಾವ ಊರಿನ ಮಾತು ಅನ್ನುವುದನ್ನೂ ದಯವಿಟ್ಟು ಬರೆಯಿರಿ.