ವಾದ ಗಟ್ಟಿಯಾ, ಟೊಳ್ಳಾ ಅಂತ ತೂಗಿ ನೋಡೋದು ಹೇಗೆ?

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ತರ್ಕದೋಷಗಳ ಪಟ್ಟಿ ಓದಿಕೊಂಡಿದ್ದೇನೆ. ಹೆಸರುಗಳೆಲ್ಲ ಬಾಯಿಗೆ ಬರುತ್ತವೆ. ಆದರೆ ಮಾತಿಗೆ ಮಾತು ಬೆಳೆದಾಗ ಅವು ಯಾವುದಕ್ಕೂ ಉಪಯೋಗಕ್ಕೆ ಬರುತ್ತಿಲ್ಲ. ಚಿಕ್ಕಪ್ಪನಿಗೆ ಸಿಗರೇಟ್ ಬಿಡಿ ಅಂದೆ. "ನಮ್ಮಪ್ಪ ಕೊನೇತನಕ ಬೀಡಿ ಸೇದಿದರು, ತೊಂಬತ್ತು ದಾಟಿದರು, ಒಂದು ದಿನ ಕೆಮ್ಮಲಿಲ್ಲ" ಅಂದರು. ಒಬ್ಬರನ್ನು ನೋಡಿ ಎಲ್ಲರಿಗೂ ಹೇಳೋದು ತಪ್ಪು ಅಂದೆ. "ಹಾಗಾದರೆ ನಿನ್ನ ಗೆಳತಿಯ ತಂದೆಗೆ ಕ್ಯಾನ್ಸರ್ ಬಂತು ಅಂತ ಹೆದರಿಸಿದೆಯಲ್ಲ, ಅವರೂ ಒಬ್ಬರೇ ಅಲ್ವಾ?" ಅಂತ ತಿರುಗಿಸಿ ಕೇಳಿದರು. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸಿತು. ಒಂದು ಉದಾಹರಣೆ ಯಾವಾಗ ಸಾಕು, ಯಾವಾಗ ಸಾಲದು? ದೋಷಕ್ಕೆ ಹೆಸರಿಡೋದು ಬಿಟ್ಟು ವಾದದ ಬಲವನ್ನೇ ಅಳೆಯೋಕೆ ದಾರಿ ಇದೆಯಾ?

ಕಲ್ಲುಬೆಂಚು:

ಒಳ್ಳೆ ಪ್ರಶ್ನೆ. ಮೊದಲು ನೋಡಬೇಕಾದದ್ದು ಉದಾಹರಣೆಯನ್ನಲ್ಲ. ಅದು ಯಾವ ಮಾತಿನ ಎದುರು ನಿಂತಿದೆ ಅನ್ನೋದನ್ನು. "ಬೀಡಿ ಸೇದಿದವರೆಲ್ಲ ಬೇಗ ಸಾಯುತ್ತಾರೆ" ಅಂತ ಯಾರಾದರೂ ಹೇಳಿದ್ದರೆ ನಿಮ್ಮ ತಾತ ಒಬ್ಬರೇ ಸಾಕು, ಆ ಮಾತು ಅಲ್ಲಿಗೇ ಮುರಿದುಬಿತ್ತು. "ಸೇದಿದರೆ ಅಪಾಯ ಜಾಸ್ತಿ" ಅನ್ನೋ ಮಾತಿಗೆ ಮಾತ್ರ ತಾತ ಏನೂ ಮಾಡೋಕಾಗಲ್ಲ. ಯಾಕೆಂದರೆ ಸೇದಿಯೂ ಕೆಲವರು ತೊಂಬತ್ತು ದಾಟುತ್ತಾರೆ ಅಂತ ಆ ಮಾತೇ ಮೊದಲೇ ಒಪ್ಪಿಕೊಂಡಿದೆ. ನಿಮ್ಮ ಗೆಳತಿಯ ತಂದೆಯ ಕಥೆಯೂ ಅಷ್ಟೇ. ಅದು ಮನಸ್ಸಿಗೆ ತಟ್ಟುತ್ತದೆ, ಆದರೆ ಅಪಾಯ ಎಷ್ಟು ಅಂತ ಹೇಳಲ್ಲ. ಈ ವಿಷಯದಲ್ಲಿ ನಿಮ್ಮ ಚಿಕ್ಕಪ್ಪನ ಪ್ರಶ್ನೆ ನ್ಯಾಯವಾದದ್ದೇ.

ಇನ್ನೊಂದು ವಿಷಯವೂ ಇದೆ. ಸೇದಿ ಐವತ್ತಕ್ಕೇ ಹೋದವರು ಮನೆಯ ಮಾತುಕತೆಗೆ ಬರುವುದಿಲ್ಲ. ತೊಂಬತ್ತು ದಾಟಿದವರ ಕಥೆ ಮಾತ್ರ ಮೊಮ್ಮಕ್ಕಳ ತನಕ ಉಳಿಯುತ್ತದೆ. ಹೀಗೆ ಉಳಿದ ಕಥೆಗಳನ್ನಷ್ಟೇ ಗುಡ್ಡೆ ಹಾಕಿ ಲೆಕ್ಕ ಮಾಡಿದರೆ ಉತ್ತರ ಯಾವತ್ತೂ ಒಂದೇ ಕಡೆ ವಾಲುತ್ತದೆ.

ಇದಾದ ಮೇಲೆ ಕಾರಣದಿಂದ ತೀರ್ಮಾನಕ್ಕೆ ದಾಟುವ ಜಾಗ ನೋಡಿ. ಅದನ್ನು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ಭಾರತೀಯ ತರ್ಕದ ಪಂಡಿತರು, ಇದೇ ಜಾಗದಲ್ಲಿ ಕೂತು ಶತಮಾನಗಟ್ಟಲೆ ಜಗಳ ಆಡಿದ್ದಾರೆ. ಅವರ ಹಳೆಯ ಉದಾಹರಣೆ ಗೊತ್ತಲ್ಲ: ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಇದು ನಿಲ್ಲೋದು "ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ" ಅನ್ನೋ ನಂಟಿನ ಮೇಲೆ. ಅದಕ್ಕೆ ವ್ಯಾಪ್ತಿ ಅಂತ ಹೆಸರು. ಈಗ ಅದನ್ನೇ ತಿರುಗಿಸಿ: ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ. ಕೇಳೋಕೆ ಸರಿಯಾಗೇ ಇದೆ, ಆದರೆ ನಿಲ್ಲಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯಂಥ, ಹೇಳದೆ ಬಿಟ್ಟ ಷರತ್ತಿಗೆ ಅವರು ಉಪಾಧಿ ಅನ್ನುತ್ತಾರೆ. ಯಾರ ವಾದವನ್ನೇ ಕೇಳಿ, "ಇಲ್ಲಿ ಹಸಿ ಸೌದೆ ಯಾವುದು?" ಅಂತ ಒಂದು ಸಲ ಕೇಳಿಕೊಳ್ಳಿ. ಇಪ್ಪತ್ತು ದೋಷಗಳ ಹೆಸರಿಗಿಂತ ಈ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತದೆ.

ಎಣಿಕೆಗಾರ:

ಕಲ್ಲುಬೆಂಚು ಅವರೇ, ಉಪಾಧಿಯ ಮಾತು ಬಂದದ್ದು ಒಳ್ಳೆಯದಾಯಿತು. ಸಿಗರೇಟಿನ ವಿಷಯದಲ್ಲೇ ಅದು ಭರ್ಜರಿಯಾಗಿ ನಡೆದಿದೆ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಇಬ್ಬರೂ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಅಂತ ಬರೆದರು. ಅದನ್ನು ಒಪ್ಪದವರಲ್ಲಿ ಆರ್. ಎ. ಫಿಶರ್ ಒಬ್ಬರು. ಸಂಖ್ಯಾಶಾಸ್ತ್ರದಲ್ಲಿ ಅವರದು ಬಹಳ ದೊಡ್ಡ ಹೆಸರು. ಎರಡೂ ಜೊತೆಯಲ್ಲಿ ಕಾಣುತ್ತವೆ ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನೋಕಾಗಲ್ಲ, ಹುಟ್ಟಿನಿಂದಲೇ ಬಂದ ಯಾವುದೋ ಗುಣ ಸೇದುವ ಚಟವನ್ನೂ ಕ್ಯಾನ್ಸರನ್ನೂ ಎರಡನ್ನೂ ತರುತ್ತಿರಬಹುದು ಅನ್ನೋದು ಅವರ ವಾದ.

ಇದು ಟೊಳ್ಳು ವಾದ ಅಲ್ಲ. ಪ್ರಶ್ನೆಯಾಗಿ ತುಂಬ ಗಟ್ಟಿ. ಅದಕ್ಕೆ ಸಿಕ್ಕ ಉತ್ತರ ಇನ್ನೂ ಗಟ್ಟಿ. ಸೇದುವವರಲ್ಲಿ ಕ್ಯಾನ್ಸರ್ ಒಂಬತ್ತು ಪಟ್ಟು ಜಾಸ್ತಿ ಇದ್ದರೆ, ಅದನ್ನು ಪೂರ್ತಿ ವಿವರಿಸೋ ಗುಪ್ತ ಗುಣ ಕೂಡ ಅವರಲ್ಲಿ ಕಡಿಮೆ ಅಂದರೂ ಒಂಬತ್ತು ಪಟ್ಟು ಜಾಸ್ತಿ ಇರಲೇಬೇಕು ಅಂತ 1959ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಜೊತೆಯವರು ಲೆಕ್ಕ ಹಾಕಿ ತೋರಿಸಿದರು. ಅಂಥ ಗುಣವನ್ನು ಯಾರೂ ತೋರಿಸಲಿಲ್ಲ. "ಬೇರೆ ಏನೋ ಕಾರಣ ಇರಬಹುದು" ಅಂತ ಸುಮ್ನೆ ಹೇಳಿಬಿಡಬಹುದು, ಆದರೆ ಆ ಬೇರೆ ಕಾರಣ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ ಕೂಡಲೇ ಆ ಮಾತಿನ ತೂಕ ಗೊತ್ತಾಗುತ್ತದೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು.

ಸಂಜೆಗಾಳಿ, ಚಿಕ್ಕಪ್ಪನ ಹತ್ತಿರ ಗೆಳತಿಯ ತಂದೆಯ ಕಥೆ ಬಿಡಿ. 1951ರಲ್ಲಿ ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಸೇದುವ ಅಭ್ಯಾಸ ಕೇಳಿದರು. 40,000ಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಜಾಸ್ತಿ ಸೇದಿದವರಿಗೆ ಅಪಾಯ ಜಾಸ್ತಿ, ಬಿಟ್ಟವರಿಗೆ ಕಡಿಮೆ ಅಂತ ಕಂಡಿತು. 2004ರಲ್ಲಿ ಬಂದ 50 ವರ್ಷದ ಲೆಕ್ಕದ ಪ್ರಕಾರ, ಸೇದುವುದನ್ನು ಬಿಡದ ಗಂಡಸರು ಸರಾಸರಿ ಸುಮಾರು 10 ವರ್ಷ ಆಯಸ್ಸು ಕಳೆದುಕೊಂಡಿದ್ದರು. ಐವತ್ತರ ಹೊತ್ತಿಗೆ ಬಿಟ್ಟವರಿಗೆ ಆ ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇದನ್ನು ಹೇಳಿ.

ತಿಳಿನೀರು:

ಫಿಶರ್ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಯಿತು. ಅವರು ಸ್ವತಃ ಪೈಪ್ ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. "ಹಾಗಾದರೆ ಅವರ ವಾದ ಸುಳ್ಳು" ಅಂದುಬಿಡೋದು ಸುಲಭ. ಆದರೆ ಅವರು ಹೇಳಿದ್ದು ತರ್ಕ, ಎದುರಿಗಿಟ್ಟು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಪರೀಕ್ಷೆ ಮಾಡಿದರು, ಬಿತ್ತು. ಅದು ಬಿದ್ದದ್ದು ಲೆಕ್ಕದಿಂದ, ಪೈಪಿನಿಂದ ಅಲ್ಲ.

ಇನ್ನು "ನಾನು ಕಣ್ಣಾರೆ ಕಂಡೆ, ನನ್ನನ್ನು ನಂಬಿ" ಅನ್ನೋ ಥರದ ಮಾತು ಬೇರೆ. ಅಲ್ಲಿ ಹೇಳುವವರೇ ಸಾಕ್ಷಿ. ಅವರಿಗೆ ಅದರಿಂದ ಲಾಭ ಇದೆಯಾ, ಹಿಂದೆ ಸುಳ್ಳು ಹೇಳಿದ್ದಾರಾ ಅಂತ ಕೇಳೋದು ವ್ಯಕ್ತಿನಿಂದೆ ಅಲ್ಲವೇ ಅಲ್ಲ, ಕೇಳಲೇಬೇಕು. ದೋಷಗಳ ಪಟ್ಟಿ ಓದಿದವರು ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದು ನನಗೆ ನಿಜಕ್ಕೂ ಬೇಸರ.

ಮತ್ತೆ, ವಾದ ಸೋತಿತು ಅಂದರೆ ತೀರ್ಮಾನವೂ ತಪ್ಪು ಅಂತಲ್ಲ. ಸಿಗರೇಟ್ ಕೆಟ್ಟದ್ದು ಅಂತ ಕೆಟ್ಟ ಕಾರಣ ಕೊಟ್ಟು ಹೇಳಿದರೂ ಸಿಗರೇಟ್ ಕೆಟ್ಟದ್ದೇ.

ಸಂಜೆಗಾಳಿ:

ತುಂಬ ಥ್ಯಾಂಕ್ಸ್. ಇನ್ನೊಂದೇ ಒಂದು. "ಇವತ್ತು ಒಬ್ಬರಿಗೆ ರಜೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ಆಮೇಲೆ ಕೆಲಸ ನಿಲ್ಲುತ್ತದೆ, ಕೊನೆಗೆ ಆಫೀಸೇ ಮುಚ್ಚುತ್ತದೆ" ಅನ್ನೋ ಥರದ ವಾದ ಯಾವಾಗಲೂ ದೋಷವೇನಾ?

ಎಣಿಕೆಗಾರ:

ಯಾವಾಗಲೂ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ನೋಡಿ. ನಾಲ್ಕು ಮೆಟ್ಟಿಲು ಇವೆ ಅಂದುಕೊಳ್ಳಿ. ಹಿಂದಿನದು ಆದರೆ ಮುಂದಿನದು ಆಗೋ ಸಾಧ್ಯತೆ ಪ್ರತಿ ಸಲ ನೂರಕ್ಕೆ 80. ಒಂದೊಂದನ್ನೇ ನೋಡಿದರೆ ಆಗೇ ಆಗುತ್ತದೆ ಅನ್ನಿಸುತ್ತದೆ. ನಾಲ್ಕನ್ನೂ ಗುಣಿಸಿದರೆ ನೂರಕ್ಕೆ 41 ಮಾತ್ರ. ಅಂದರೆ ಕೊನೆಯ ಅನಾಹುತ ಆಗದೇ ಇರೋ ಸಾಧ್ಯತೆಯೇ ಜಾಸ್ತಿ. ಆದರೆ ಮೆಟ್ಟಿಲು ಒಂದೇ ಇದ್ದು, ಹಿಂದೆ ಹಾಗೆ ಆದದ್ದಕ್ಕೆ ದಾಖಲೆಯೂ ಇದ್ದು, ನಡುವೆ ತಡೆಯೋಕೆ ಯಾವ ನಿಯಮವೂ ಇಲ್ಲದಿದ್ದರೆ ಅದು ಗಟ್ಟಿ ವಾದವೇ. ನಿಮ್ಮ ಉದಾಹರಣೆಯಲ್ಲಿ ರಜೆ ಕೊಡುವವರು ಎರಡನೆಯವರಿಗೆ "ಆಗಲ್ಲ" ಅನ್ನಬಹುದು ಅಲ್ವಾ? ಹಾಗಾದರೆ ಅದು ಮೊದಲ ಮೆಟ್ಟಿಲಲ್ಲೇ ನಿಂತಿತು.